ಕ್ಯಾಲ್ಸಿಯಂ ಮಾತ್ರೆ ಬೇಡವಂತೆ, ಹಾಗಾದರೆ ಮೂಳೆಗೆ ಬೇಕಾದ್ದೇನು?

ವಯಸ್ಸು ಅರವತ್ತು ದಾಟಿತೆಂದರೆ ದಿನಕ್ಕೊಂದು ಕ್ಯಾಲ್ಸಿಯಂ ಮಾತ್ರೆ, ಜೊತೆಗೆ ಒಂದಿಷ್ಟು ವಿಟಮಿನ್ ಡಿ. ಈ ಮಾತನ್ನು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ ಅಂದರೆ, ಯಾಕೆ ಅಂತ ಕೇಳುವುದನ್ನೇ ಬಿಟ್ಟಿದ್ದೇವೆ. ಹೀಗಿರುವಾಗ 2024ರ ಡಿಸೆಂಬರ್‌ನಲ್ಲಿ ರೋಗ ಬಾರದಂತೆ ಏನು ಮಾಡಬೇಕು ಅಂತ ಸಲಹೆ ಕೊಡುವ ಅಮೆರಿಕದ ತಜ್ಞರ ತಂಡ, ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್, ಒಂದು ಕರಡು ಶಿಫಾರಸು ಹೊರಡಿಸಿತು. ಮುಟ್ಟು ನಿಂತ ಹೆಂಗಸರಾಗಲಿ, 60 ದಾಟಿದ ಗಂಡಸರಾಗಲಿ, ಬೀಳುವುದನ್ನೋ ಮೂಳೆ ಮುರಿಯುವುದನ್ನೋ ತಡೆಯಲು ಅಂತ ವಿಟಮಿನ್ ಡಿ ತಗೊಳ್ಳುವುದು ಬೇಡ, ಕ್ಯಾಲ್ಸಿಯಂ ಜೊತೆ ಸೇರಿಸಿದರೂ ಬೇಡ ಅನ್ನುವುದು ಅದರ ಸಾರ. ಅದೇ ವರ್ಷದ ಜೂನ್‌ನಲ್ಲಿ ಹಾರ್ಮೋನ್ ತಜ್ಞರ ಎಂಡೊಕ್ರೈನ್ ಸೊಸೈಟಿ, 75 ದಾಟಿದವರು ವಿಟಮಿನ್ ಡಿ ತಗೊಳ್ಳುವುದು ಒಳ್ಳೆಯದು ಎಂದಿತ್ತು. 2025ರ ಜನವರಿಯಲ್ಲಿ ಅದೇ ಟಾಸ್ಕ್ ಫೋರ್ಸ್, 65 ದಾಟಿದ ಹೆಂಗಸರೆಲ್ಲರಿಗೂ ಮೂಳೆಯ ಸ್ಕ್ಯಾನ್ ಆಗಬೇಕು ಎಂದಿತು.

ಒಬ್ಬರು ಮಾತ್ರೆ ಬೇಡ ಅಂತಾರೆ, ಇನ್ನೊಬ್ಬರು ಬೇಕು ಅಂತಾರೆ, ಬೇಡ ಎಂದವರೇ ಸ್ಕ್ಯಾನ್ ಮಾಡಿಸಿ ಅಂತಾರೆ. ಓದಿದವರಿಗೆ ಗೊಂದಲ ಆಗದೆ ಇರುತ್ತದಾ? ಆದರೆ ಈ ಮೂರು ಮಾತಿಗೆ ನಿಜವಾಗಿ ಜಗಳವಿಲ್ಲ. ಅವು ಬೇರೆ ಬೇರೆ ಜನರಿಗೆ, ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರಗಳು. ಅಪಾಯ ಇರುವುದು ಇನ್ನೊಂದು ಕಡೆ. ಈ ಸುದ್ದಿ ಯಾರಿಗೆ ಸಂಬಂಧಿಸಿದ್ದಲ್ಲವೋ ಅವರೇ ಅದನ್ನು ಓದಿ, ತಾವು ಬಿಡಬಾರದ ಔಷಧಿಯನ್ನು ಬಿಟ್ಟುಬಿಡಬಹುದು.

ಇದು ಯಾರಿಗೆ ಹೇಳಿದ ಮಾತು

ಟಾಸ್ಕ್ ಫೋರ್ಸ್ ಮಾತಾಡುತ್ತಿರುವುದು ಸ್ವಂತ ಮನೆಯಲ್ಲಿ ಓಡಾಡಿಕೊಂಡಿರುವ, ಮೂಳೆಯ ತೊಂದರೆ ಇದೆ ಅಂತ ಇನ್ನೂ ಪತ್ತೆಯಾಗದ ಜನರ ಬಗ್ಗೆ. ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಇದೆ ಅಂತ ಗೊತ್ತಾದವರು, ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕೊರತೆ ಕಂಡವರು, ವೃದ್ಧಾಶ್ರಮದಲ್ಲಿ ಇರುವವರು ಈ ಗುಂಪಿಗೆ ಸೇರುವುದಿಲ್ಲ. ಅವರು ತಗೊಳ್ಳುತ್ತಿರುವುದು ಸುಮ್ನೆ ಮುನ್ನೆಚ್ಚರಿಕೆಗೆ ಅಂತಲ್ಲ, ಇರುವ ತೊಂದರೆಗೆ.

ಇನ್ನೊಂದು ವಿಷಯ ಸುದ್ದಿಯಲ್ಲಿ ಬರುವುದೇ ಕಡಿಮೆ. ಮೂಳೆ ಗಟ್ಟಿ ಮಾಡುವ ಔಷಧಿಗಳ ದೊಡ್ಡ ಪ್ರಯೋಗಗಳಲ್ಲಿ, ಔಷಧಿ ಪಡೆದವರಿಗೂ ಹುಸಿ ಔಷಧಿ ಪಡೆದವರಿಗೂ ಸಾಮಾನ್ಯವಾಗಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟಿದ್ದರು. ಅಂದರೆ ಆ ಔಷಧಿಗಳಿಂದ ಇಷ್ಟು ಲಾಭ ಅಂತ ನಾವು ಹೇಳುವ ಲೆಕ್ಕವೆಲ್ಲ, ಕ್ಯಾಲ್ಸಿಯಂ ಮತ್ತು ಡಿ ಸಾಕಷ್ಟು ಸಿಗುತ್ತಿದ್ದ ದೇಹದ ಲೆಕ್ಕ. ಔಷಧಿ ತಗೊಳ್ಳುತ್ತಿರುವವರು ಜೊತೆಗಿನ ಕ್ಯಾಲ್ಸಿಯಂ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ, ಆ ಲೆಕ್ಕ ತಮಗೂ ಅನ್ವಯಿಸುತ್ತದೆ ಅಂತ ನಂಬಿಕೊಳ್ಳುವ ಹಾಗಿಲ್ಲ.

ಒಂದೇ ವಿಟಮಿನ್, ಮೂರು ಫಲಿತಾಂಶ

ಮೂವತ್ತು ವರ್ಷದ ಹಿಂದೆ ಈ ಮಾತ್ರೆಗೆ ಇಷ್ಟು ಹೆಸರು ಬಂದದ್ದು ಹೇಗೆ? 1992ರಲ್ಲಿ ಫ್ರಾನ್ಸ್‌ನಿಂದ ಒಂದು ಅಧ್ಯಯನ ಬಂತು. ವೃದ್ಧಾಶ್ರಮಗಳಲ್ಲಿದ್ದ 3,270 ಅಜ್ಜಿಯರ ಮೇಲೆ ನಡೆದದ್ದು, ಸರಾಸರಿ ವಯಸ್ಸು 84. ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ, 800 ಯೂನಿಟ್ ವಿಟಮಿನ್ ಡಿ. ಹದಿನೆಂಟು ತಿಂಗಳು ಬಿಡದೆ ತಗೊಂಡವರಲ್ಲಿ ಸೊಂಟದ ಮೂಳೆ ಮುರಿತ ಶೇ 43ರಷ್ಟು ಕಡಿಮೆಯಾಗಿತ್ತು. ಅದು ಸುಳ್ಳಲ್ಲ. ಆದರೆ ಆ ಹೆಂಗಸರು ಹೊರಗೆ ಬಿಸಿಲಿಗೆ ಬರುತ್ತಿದ್ದದ್ದೇ ಅಪರೂಪ, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ, ರಕ್ತದಲ್ಲಿ ಡಿ ತೀರಾ ಕಡಿಮೆ. ಇಲ್ಲದವರಿಗೆ ಕೊಟ್ಟರು, ಉಪಯೋಗವಾಯಿತು.

ಮುಂದೆ ಅದೇ ಫಲಿತಾಂಶವನ್ನು ಎಲ್ಲರಿಗೂ ಹಂಚಿದಂತಾಯಿತು. 2006ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ 36,282 ಹೆಂಗಸರ ಮೇಲೆ ನಡೆಸಿದ ಕ್ಯಾಲ್ಸಿಯಂ ಮತ್ತು ಡಿ ಪ್ರಯೋಗದ ಫಲಿತಾಂಶ ಕೊಟ್ಟಿತು. ಸೊಂಟದ ಮುರಿತ ಶೇ 12ರಷ್ಟು ಕಡಿಮೆ ಕಂಡಿತು, ಆದರೆ ಅದು ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣ ವ್ಯತ್ಯಾಸ. ಕಿಡ್ನಿ ಕಲ್ಲು ಮಾತ್ರ ಶೇ 17ರಷ್ಟು ಜಾಸ್ತಿ ಆಗಿತ್ತು. 2022ರಲ್ಲಿ ಬಂದ ವೈಟಲ್ ಅಧ್ಯಯನ ಇನ್ನೂ ನೇರ. 25,871 ಮಂದಿ, ದಿನಕ್ಕೆ 2,000 ಯೂನಿಟ್ ಡಿ, ಐದು ವರ್ಷಕ್ಕೂ ಜಾಸ್ತಿ ಗಮನಿಸಿದರು. ಮೂಳೆ ಮುರಿತದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಆದರೆ ಅದರಲ್ಲಿ ಭಾಗವಹಿಸಿದವರನ್ನು ಡಿ ಕೊರತೆ ನೋಡಿ ಆರಿಸಿರಲಿಲ್ಲ, ಬಹುಪಾಲು ಜನರಿಗೆ ಮೊದಲೇ ಸಾಕಷ್ಟಿತ್ತು. ಇದ್ದವರಿಗೆ ಮತ್ತಷ್ಟು ಕೊಟ್ಟರು, ಉಪಯೋಗವಾಗಲಿಲ್ಲ.

ಮೂರನೆಯದು ನಿಜಕ್ಕೂ ಯೋಚಿಸುವಂಥದ್ದು. ದಿನಾ ಮಾತ್ರೆ ನುಂಗುವ ಕಷ್ಟ ಯಾಕೆ, ವರ್ಷಕ್ಕೊಮ್ಮೆ ಒಟ್ಟಿಗೆ ಕೊಟ್ಟುಬಿಡೋಣ ಅಂತ ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರ ಮೇಲೆ ಪ್ರಯೋಗ ಮಾಡಿದರು. ಅರ್ಧದಷ್ಟು ಮಂದಿಗೆ ಒಂದೇ ಸಲಕ್ಕೆ 5,00,000 ಯೂನಿಟ್ ಡಿ. 2010ರಲ್ಲಿ ಫಲಿತಾಂಶ ಬಂದಾಗ, ಡಿ ತಗೊಂಡವರೇ ಶೇ 15ರಷ್ಟು ಜಾಸ್ತಿ ಬಿದ್ದಿದ್ದರು, ಮೂಳೆ ಮುರಿತವೂ ಶೇ 26ರಷ್ಟು ಜಾಸ್ತಿ. ವಿಟಮಿನ್ ತಾನೇ, ಜಾಸ್ತಿಯಾದರೆ ಏನಾಗುತ್ತದೆ ಅನ್ನುವ ಧೈರ್ಯಕ್ಕೆ ಅವತ್ತೇ ಉತ್ತರ ಸಿಕ್ಕಿದೆ.

ಎಂಡೊಕ್ರೈನ್ ಸೊಸೈಟಿ 75 ದಾಟಿದವರಿಗೆ ಬೇಕು ಎಂದದ್ದಕ್ಕೂ ಮೂಳೆ ಮುಖ್ಯ ಕಾರಣವಲ್ಲ. ಆ ವಯಸ್ಸಿನಲ್ಲಿ ಸಾವಿನ ಪ್ರಮಾಣ ಸ್ವಲ್ಪ ಇಳಿಯಬಹುದು ಅನ್ನುವ ಲೆಕ್ಕದ ಮೇಲೆ ಕೊಟ್ಟ ಸಲಹೆ ಅದು. ಟಾಸ್ಕ್ ಫೋರ್ಸ್ ನೋಡಿದ್ದು ಬೀಳುವುದು ಮತ್ತು ಮುರಿತವನ್ನು. ಪ್ರಶ್ನೆಯೇ ಬೇರೆ, ಹಾಗಾಗಿ ಉತ್ತರವೂ ಬೇರೆ.

ಮೂಳೆಯೊಳಗೆ ನಡೆಯುವ ಕೆಲಸ

ಮೂಳೆ ಒಮ್ಮೆ ಬೆಳೆದು ಹಾಗೇ ನಿಲ್ಲುವ ವಸ್ತುವಲ್ಲ. ಒಂದು ಬಗೆಯ ಜೀವಕೋಶಗಳು ಹಳೆ ಮೂಳೆಯನ್ನು ಕರಗಿಸುತ್ತಾ ಹೋಗುತ್ತವೆ, ಇನ್ನೊಂದು ಬಗೆಯವು ಹೊಸದನ್ನು ತುಂಬುತ್ತಾ ಬರುತ್ತವೆ. ಸುಮಾರು ಮೂವತ್ತರ ವಯಸ್ಸಿನ ತನಕ ತುಂಬುವುದೇ ಮೇಲುಗೈ. ಆಮೇಲೆ ನಿಧಾನವಾಗಿ ಕರಗುವುದು ಜಾಸ್ತಿಯಾಗುತ್ತದೆ. ಹೆಂಗಸರಲ್ಲಿ ಈಸ್ಟ್ರೊಜನ್ ಹಾರ್ಮೋನ್ ಕರಗಿಸುವ ಕೋಶಗಳನ್ನು ಹಿಡಿತದಲ್ಲಿ ಇಟ್ಟಿರುತ್ತದೆ, ಮುಟ್ಟು ನಿಂತಾಗ ಆ ಹಿಡಿತ ಸಡಿಲವಾಗುತ್ತದೆ. ಅದಾದ ಐದರಿಂದ ಏಳು ವರ್ಷದಲ್ಲೇ ಕೆಲವರ ಮೂಳೆ ಶೇ 20ರ ತನಕ ಕಡಿಮೆಯಾಗಬಹುದು. ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತಗೊಂಡವರಲ್ಲೂ ಮೂಳೆ ಬೇಗ ಇಳಿಯುತ್ತದೆ, ಅವರು ಗಂಡಸರಾಗಿದ್ದರೂ ಸರಿ.

ಕ್ಯಾಲ್ಸಿಯಂ ಇಲ್ಲಿ ಕಚ್ಚಾ ಸಾಮಗ್ರಿ, ವಿಟಮಿನ್ ಡಿ ಅದನ್ನು ಕರುಳಿನಿಂದ ರಕ್ತಕ್ಕೆ ಸೇರಿಸುತ್ತದೆ. ಎರಡೂ ಬೇಕು. ಆದರೆ ಇಟ್ಟಿಗೆ ತಂದು ರಾಶಿ ಹಾಕಿದ ಮಾತ್ರಕ್ಕೆ ಗೋಡೆ ಏಳುವುದಿಲ್ಲ, ಅಲ್ವಾ? ಕರಗಿಸುವ ಕೆಲಸ ಜೋರಾಗಿ ನಡೆಯುತ್ತಿರುವಾಗ ಅದಕ್ಕೆ ತಡೆ ಹಾಕುವುದು ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ಔಷಧಿ ಇದೆ. ಮಾತ್ರೆಯಿಂದ ಆಗದ್ದನ್ನು ಮಾತ್ರೆಯಿಂದ ನಿರೀಕ್ಷಿಸಿದ್ದೇ ಈ ಎಲ್ಲ ನಿರಾಸೆಯ ಮೂಲ.

ಬೀಳುವುದೇ ಅರ್ಧ ಕಥೆ

ಸೊಂಟದ ಮುರಿತಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಆಗುವುದು ಬಿದ್ದಾಗ. 65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಬಿದ್ದು ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ. ಹಾಗಿದ್ದೂ ಮೂಳೆಯ ಚರ್ಚೆ ಪೂರ್ತಿ ಮಾತ್ರೆಯ ಸುತ್ತಲೇ ಸುತ್ತುತ್ತದೆ.

ಒಂದು ಬೀಳುವಿಕೆಯನ್ನು ಹತ್ತಿರದಿಂದ ನೋಡಿ. ನಡುರಾತ್ರಿ, ಮೂತ್ರಕ್ಕೆ ಅವಸರವಾಗಿ ಎಚ್ಚರ. ಮಲಗಿದ್ದವರು ಪಟ್ಟನೆ ಎದ್ದು ನಿಲ್ಲುತ್ತಾರೆ, ರಕ್ತ ಕಾಲಿನ ಕಡೆ ಇಳಿಯುತ್ತದೆ. ವಯಸ್ಸಾದ ರಕ್ತನಾಳಗಳು ಅಷ್ಟು ಬೇಗ ಬಿಗಿಯಾಗುವುದಿಲ್ಲ, ಅದರ ಮೇಲೆ ಬಿಪಿ ಮಾತ್ರೆ ಬೇರೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಂಕ ಇಳಿದರೆ ವೈದ್ಯರು ಅದನ್ನು ತೊಂದರೆ ಅಂತಲೇ ಪರಿಗಣಿಸುತ್ತಾರೆ. ನಿದ್ದೆ ಮಾತ್ರೆ ತಗೊಂಡಿದ್ದರೆ ತಲೆ ಇನ್ನೂ ಮಂಪರು. ಕತ್ತಲು, ಕಣ್ಣಿಗೆ ನೆಲ ಸರಿಯಾಗಿ ಕಾಣುವುದಿಲ್ಲ. ಹೆಜ್ಜೆ ತಪ್ಪುತ್ತದೆ. ಹರೆಯದಲ್ಲಿ ಆಗಿದ್ದರೆ ಇನ್ನೊಂದು ಕಾಲು ತಾನಾಗಿಯೇ ಪಕ್ಕಕ್ಕೆ ಹೋಗಿ ದೇಹವನ್ನು ಹಿಡಿದು ನಿಲ್ಲಿಸುತ್ತಿತ್ತು, ಈಗ ಆ ಹೆಜ್ಜೆ ಬರುವಷ್ಟರಲ್ಲಿ ದೇಹ ಪಕ್ಕಕ್ಕೆ ವಾಲಿ ಆಗಿರುತ್ತದೆ. ಪಕ್ಕಕ್ಕೆ ಬಿದ್ದರೆ ಪೂರ್ತಿ ಭಾರ ಸೊಂಟದ ಬದಿಯ ಮೂಳೆಯ ಮೇಲೆ. ನಡುರಾತ್ರಿಯ ಆ ಒಂದು ನಿಮಿಷದಲ್ಲಿ ಬಿಪಿ, ನಿದ್ದೆ ಮಾತ್ರೆ, ಕಣ್ಣು, ತೊಡೆಯ ಸ್ನಾಯು, ಬೆಳಕು ಎಲ್ಲ ಸೇರಿಕೊಂಡಿವೆ. ಮೂಳೆ ಬರುವುದು ಕೊನೆಗೆ.

ಐವತ್ತು ಅರವತ್ತರ ಆಸುಪಾಸಿನಲ್ಲಿ ಬಿದ್ದವರು ಕೈ ಚಾಚುತ್ತಾರೆ, ಮಣಿಕಟ್ಟು ಮುರಿಯುತ್ತದೆ. ಎಂಬತ್ತರ ಹೊತ್ತಿಗೆ ಕೈ ಚಾಚುವಷ್ಟು ಚುರುಕು ಇರುವುದಿಲ್ಲ, ಸೊಂಟ ಮುರಿಯುತ್ತದೆ. ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ ಐವತ್ತೈದರ ಹೆಂಗಸಿಗೆ ಪ್ಲಾಸ್ಟರ್ ಹಾಕಿ ಕಳಿಸಿಬಿಟ್ಟರೆ, ಮುಂದಿನ ದೊಡ್ಡ ಮುರಿತವನ್ನು ತಡೆಯುವ ಅತ್ಯುತ್ತಮ ಅವಕಾಶವನ್ನೇ ಕಳೆದುಕೊಂಡಂತೆ.

ಬೀಳುವುದನ್ನು ಕಡಿಮೆ ಮಾಡಲು ಆಗುತ್ತದಾ? ಆಗುತ್ತದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಅಳೆದು ನೋಡುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆ 108 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು, 23,000ಕ್ಕೂ ಜಾಸ್ತಿ ಮಂದಿಯ ಲೆಕ್ಕ. ವ್ಯಾಯಾಮ ಮಾಡಿದವರಲ್ಲಿ ಬೀಳುವ ಪ್ರಮಾಣ ಶೇ 23ರಷ್ಟು ಕಡಿಮೆ. ಆದರೆ ಯಾವ ವ್ಯಾಯಾಮ ಅನ್ನುವುದು ಮುಖ್ಯ. ಬರೀ ವಾಕಿಂಗ್‌ನಿಂದ ಬೀಳುವುದು ಕಡಿಮೆಯಾಗುತ್ತದೆ ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಕೆಲಸ ಮಾಡಿದ್ದು ಸಮತೋಲಕ್ಕೆ ಸವಾಲು ಹಾಕುವ ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆಯುವುದು, ಆಸರೆ ಪಕ್ಕದಲ್ಲೇ ಇಟ್ಟುಕೊಂಡು ಒಂಟಿ ಕಾಲಲ್ಲಿ ನಿಲ್ಲುವುದು, ಅಂಥವು. ಕಣ್ಣಿನ ಪೊರೆಯ ಮೊದಲ ಆಪರೇಷನ್ ಬೇಗ ಮಾಡಿಸಿಕೊಂಡವರು ಕಾಯುತ್ತಾ ಕೂತವರಿಗಿಂತ ಶೇ 34ರಷ್ಟು ಕಡಿಮೆ ಬಿದ್ದರು ಅಂತ 2005ರ ಬ್ರಿಟನ್ ಅಧ್ಯಯನ ತೋರಿಸಿತು.

ಇಲ್ಲೂ ಇನ್ನೊಂದು ಮಗ್ಗುಲಿದೆ. 2020ರಲ್ಲಿ ಬ್ರಿಟನ್ ಮತ್ತು ಅಮೆರಿಕದಿಂದ ಎರಡು ದೊಡ್ಡ ಪ್ರಯೋಗಗಳು ಬಂದವು. ಬ್ರಿಟನ್‌ನದ್ದರಲ್ಲೇ 9,800 ಜನ ಇದ್ದರು. ಬೀಳುವ ಅಪಾಯ ಇದ್ದವರನ್ನು ಗುರುತಿಸಿ ವ್ಯಾಯಾಮಕ್ಕೋ ಪೂರ್ತಿ ತಪಾಸಣೆಗೋ ಕಳಿಸಿದರೂ ಮೂಳೆ ಮುರಿತ ಕಡಿಮೆಯಾಗಲಿಲ್ಲ. ಅಮೆರಿಕದ್ದರಲ್ಲಿ, ನರ್ಸ್‌ಗಳು ಒಬ್ಬೊಬ್ಬರನ್ನೂ ಗಮನಿಸಿಕೊಂಡರೂ, ಗಂಭೀರ ಗಾಯಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಹಾಗಾದರೆ ವ್ಯಾಯಾಮವೂ ದಂಡವಾ? ನನಗೆ ಹಾಗನ್ನಿಸುವುದಿಲ್ಲ. ಬೀಳುವುದು ಪದೇ ಪದೇ ಆಗುವಂಥದ್ದು, ಮುರಿತ ಅದರಲ್ಲಿ ಸಣ್ಣ ಪಾಲು, ಹಾಗಾಗಿ ಬೀಳುವುದು ಸ್ವಲ್ಪ ಕಡಿಮೆಯಾದರೂ ಮುರಿತದ ಲೆಕ್ಕದಲ್ಲಿ ಅದು ಕಾಣಿಸುವುದು ಕಷ್ಟ. ಸಲಹೆ ಕೊಟ್ಟು ಕಳಿಸುವುದಕ್ಕೂ, ವಾರಕ್ಕೆ ಮೂರು ದಿನದಂತೆ ತಿಂಗಳುಗಟ್ಟಲೆ ಮಾಡಿಸುವುದಕ್ಕೂ ಬಹಳ ದೂರವಿದೆ. ವ್ಯಾಯಾಮ ಬೀಳುವುದನ್ನು ತಗ್ಗಿಸುತ್ತದೆ, ಆದರೆ ಮೂಳೆ ತೀರಾ ಟೊಳ್ಳಾಗಿರುವವರಿಗೆ ಅದೊಂದೇ ಸಾಲದು ಅಂತ ಓದಿಕೊಳ್ಳುವುದು ಸರಿ.

ಸ್ಕ್ಯಾನ್ ಹೇಳುವುದು, ಹೇಳದೆ ಇರುವುದು

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ ಸ್ಕೋರ್ ಅಂತ ಒಂದು ಅಂಕೆ ಬರುತ್ತದೆ, ಹರೆಯದವರ ಮೂಳೆಗೆ ಹೋಲಿಸಿದರೆ ನಮ್ಮದು ಎಷ್ಟು ಇಳಿದಿದೆ ಅಂತ ಅದು ಹೇಳುತ್ತದೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೊಪೊರೋಸಿಸ್ ಅನ್ನುವ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆಯಿತು. ಗೆರೆ ಬೇಕಿತ್ತು, ಎಳೆದರು. ಆದರೆ ಮೂಳೆ ಮುರಿದುಕೊಳ್ಳುವವರಲ್ಲಿ ಬಹಳಷ್ಟು ಮಂದಿಯ ಅಂಕೆ ಆ ಗೆರೆಗಿಂತ ಮೇಲೇ ಇರುತ್ತದೆ. ಅವರ ಒಬ್ಬೊಬ್ಬರ ಅಪಾಯ ಕಡಿಮೆ ಇದ್ದರೂ ಆ ಗುಂಪಿನಲ್ಲಿ ಜನವೇ ಜಾಸ್ತಿ. ಅದಕ್ಕೇ 2008ರಿಂದ ಫ್ರಾಕ್ಸ್ ಎಂಬ ಲೆಕ್ಕ ಬಂತು. ವಯಸ್ಸು, ಹಿಂದಿನ ಮುರಿತ, ತಂದೆತಾಯಿಯ ಸೊಂಟ ಮುರಿದಿತ್ತಾ, ಸಿಗರೇಟು, ಸ್ಟೀರಾಯ್ಡ್ ಎಲ್ಲ ಸೇರಿಸಿ ಮುಂದಿನ ಹತ್ತು ವರ್ಷದ ಅಪಾಯವನ್ನು ಅಂದಾಜು ಮಾಡುತ್ತದೆ.

ಬೆನ್ನುಮೂಳೆಯ ಮುರಿತ ಇನ್ನೂ ಮೋಸದ್ದು. ಮೂರರಲ್ಲಿ ಎರಡು ಪತ್ತೆಯೇ ಆಗುವುದಿಲ್ಲ, ವಯಸ್ಸಾಯ್ತು ಬೆನ್ನು ನೋವು ಇದ್ದದ್ದೇ ಅಂತ ಹೋಗಿಬಿಡುತ್ತದೆ. ಹರೆಯದಲ್ಲಿದ್ದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸಿ ನೋಡಲೇಬೇಕು.

ಔಷಧಿಯ ಭಯ, ಮುರಿತದ ಭಯ

ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೊನೇಟ್ ಮಾತ್ರೆ 1995ರಿಂದ ಬಳಕೆಯಲ್ಲಿದೆ. ಬೆನ್ನುಮೂಳೆ ಮುರಿದಿದ್ದ ಹೆಂಗಸರ ಮೇಲಿನ 1996ರ ಪ್ರಯೋಗದಲ್ಲಿ ಸೊಂಟದ ಮುರಿತ ಸುಮಾರು ಮೂರು ವರ್ಷದಲ್ಲಿ ಶೇ 2.2ರಿಂದ 1.1ಕ್ಕೆ ಇಳಿಯಿತು. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್, 2007ರ ಪ್ರಯೋಗದಲ್ಲಿ ಬೆನ್ನುಮೂಳೆ ಮುರಿತವನ್ನು ಶೇ 70, ಸೊಂಟದ ಮುರಿತವನ್ನು ಶೇ 41 ತಗ್ಗಿಸಿತು. ಕೊರತೆ ಇಲ್ಲದವರಿಗೆ ಕ್ಯಾಲ್ಸಿಯಂ ಮಾತ್ರೆ ಕೊಟ್ಟ ಪ್ರಯೋಗಗಳಲ್ಲಿ ಕಾಣದ ಲಾಭ ಇಲ್ಲಿ ಕಂಡಿದೆ, ಯಾಕೆಂದರೆ ಈ ಔಷಧಿ ಮೂಳೆ ಕರಗಿಸುವ ಕೋಶಗಳನ್ನೇ ತಡೆಯುತ್ತದೆ.

ಹಾಗಿದ್ದರೆ ಜನ ಯಾಕೆ ಹೆದರುತ್ತಾರೆ? ಎರಡು ಅಡ್ಡಪರಿಣಾಮಗಳಿವೆ, ಎರಡೂ ನಿಜ. ಒಂದು, ಹಲ್ಲು ಕೀಳಿಸಿದ ಮೇಲೆ ದವಡೆ ಮೂಳೆ ವಾಸಿಯಾಗದೆ ಉಳಿಯುವುದು. ಇನ್ನೊಂದು, ಬಹಳ ವರ್ಷ ತಗೊಂಡವರಲ್ಲಿ ತೊಡೆಮೂಳೆ ನಡುವೆ ಪಟ್ಟನೆ ಮುರಿಯುವುದು. ಎರಡನೆಯದರ ಬಗ್ಗೆ 2020ರಲ್ಲಿ ಸುಮಾರು 1,96,000 ಹೆಂಗಸರ ದಾಖಲೆ ನೋಡಿ ಅಮೆರಿಕದಲ್ಲಿ ಲೆಕ್ಕ ಹಾಕಿದರು. 10,000 ಬಿಳಿಯ ಹೆಂಗಸರು ಮೂರು ವರ್ಷ ಔಷಧಿ ತಗೊಂಡರೆ 149 ಸೊಂಟದ ಮುರಿತ ತಪ್ಪುತ್ತದೆ, ಇಂಥ ತೊಡೆ ಮುರಿತ 2 ಆಗುತ್ತದೆ. ಏಷ್ಯಾ ಮೂಲದ ಹೆಂಗಸರಲ್ಲಿ 91 ತಪ್ಪುತ್ತದೆ, 8 ಆಗುತ್ತದೆ. ಅಂದರೆ ಏಷ್ಯಾ ಮೂಲದವರಿಗೆ ಅಪಾಯ ಜಾಸ್ತಿ, ಇದನ್ನು ಮುಚ್ಚಿಡಬೇಕಾಗಿಲ್ಲ. ಹಾಗಿದ್ದರೂ ಲಾಭದ ಕಡೆಯೇ ಭಾರ. ವರ್ಷ ಹೆಚ್ಚಿದಂತೆ ಈ ಅಪಾಯವೂ ಏರುವುದರಿಂದಲೇ, ಮಾತ್ರೆಯಾದರೆ ಐದು ವರ್ಷ, ಡ್ರಿಪ್ ಆದರೆ ಮೂರು ವರ್ಷ ಆದಮೇಲೆ ವೈದ್ಯರು ಮತ್ತೆ ಕೂತು ಲೆಕ್ಕ ನೋಡುತ್ತಾರೆ, ಅಪಾಯ ಕಡಿಮೆ ಇದ್ದವರಿಗೆ ಕೆಲಕಾಲ ನಿಲ್ಲಿಸುತ್ತಾರೆ. ಔಷಧಿ ಮೂಳೆಯಲ್ಲೇ ಉಳಿದಿರುವುದರಿಂದ ನಿಲ್ಲಿಸಿದ ಮರುದಿನವೇ ರಕ್ಷಣೆ ಹೋಗುವುದಿಲ್ಲ. ತೊಡೆಯಲ್ಲೋ ತೊಡೆಸಂದಿಯಲ್ಲೋ ವಾರಗಟ್ಟಲೆ ಮಂದ ನೋವು ಇದ್ದರೆ ಮಾತ್ರ ತಡಮಾಡದೆ ತೋರಿಸಬೇಕು, ಮುರಿಯುವ ಮೊದಲು ಬರುವ ಸೂಚನೆ ಅದು.

ಡೆನೊಸುಮ್ಯಾಬ್ ಇಂಜೆಕ್ಷನ್ನಿನ ವಿಷಯದಲ್ಲಿ ಇದು ಪೂರ್ತಿ ಉಲ್ಟಾ. ಆರು ತಿಂಗಳಿಗೊಮ್ಮೆ ಕೊಡುವ ಈ ಔಷಧಿ ಮೂಳೆಯಲ್ಲಿ ಉಳಿಯುವುದಿಲ್ಲ. ನಿಲ್ಲಿಸಿದರೆ ತಡೆಹಿಡಿದಿದ್ದ ಕರಗುವಿಕೆ ಒಮ್ಮೆಲೇ ಜೋರಾಗುತ್ತದೆ, ಕೆಲವರಲ್ಲಿ ಒಂದರ ಹಿಂದೆ ಒಂದು ಬೆನ್ನುಮೂಳೆ ಕುಸಿದದ್ದಿದೆ. ಇದನ್ನು ನಿಲ್ಲಿಸುವುದಾದರೆ ಇನ್ನೊಂದು ಔಷಧಿಗೆ ಬದಲಾಯಿಸಿಯೇ ನಿಲ್ಲಿಸಬೇಕು. ಸುದ್ದಿ ಓದಿ ಗಾಬರಿಯಾಗಿ, ಮೂಳೆಗೆ ತಗೊಳ್ಳುತ್ತಿರುವುದೆಲ್ಲ ದಂಡ ಅಂದುಕೊಂಡು ಇದನ್ನೂ ಬಿಟ್ಟವರಿಗೆ ಆಗುವ ಹಾನಿ ಎಲ್ಲಕ್ಕಿಂತ ದೊಡ್ಡದು.

ಮುಂದೆ ಏನಾಗಬಹುದು

ಇಂಥದ್ದು ಹಿಂದೆ ಆಗಿದೆ. ದವಡೆ ಮತ್ತು ತೊಡೆಯ ಸುದ್ದಿಗಳು ಸಾಲಾಗಿ ಬಂದ ಕಾಲದಲ್ಲಿ, 2008ರಿಂದ 2012ರ ನಡುವೆ, ಅಮೆರಿಕದಲ್ಲಿ ಅಲೆಂಡ್ರೊನೇಟ್‌ನಂಥ ಮಾತ್ರೆಗಳ ಬಳಕೆ ಅರ್ಧಕ್ಕಿಂತ ಜಾಸ್ತಿ ಕುಸಿಯಿತು. ಅದುವರೆಗೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದ ಅಲ್ಲಿನ ವಯಸ್ಸಾದ ಹೆಂಗಸರ ಸೊಂಟದ ಮುರಿತದ ಪ್ರಮಾಣ 2012ರ ಆಮೇಲೆ ಇಳಿಯುವುದನ್ನು ನಿಲ್ಲಿಸಿತು. ಒಂದರಿಂದಲೇ ಇನ್ನೊಂದು ಆಯಿತು ಅಂತ ಸಾಬೀತಾಗಿಲ್ಲ, ಆದರೆ ಲೆಕ್ಕಕ್ಕೇ ತಗೊಳ್ಳದೆ ಬಿಡುವ ಹಾಗೂ ಇಲ್ಲ.

ಈ ಸಲದ ಸುದ್ದಿಯಿಂದ ಆರೋಗ್ಯವಾಗಿರುವ ಅರವತ್ತರವರು ಒಂದು ಮಾತ್ರೆ ಬಿಟ್ಟರೆ ನಷ್ಟವೇನೂ ಇಲ್ಲ. ಊಟದಲ್ಲಿ ಕ್ಯಾಲ್ಸಿಯಂ ಸಿಗುತ್ತಿದ್ದರೆ ಅದೇ ಉತ್ತಮ. ಕಳೆದುಕೊಳ್ಳುವವರು ಈಗಾಗಲೇ ಒಮ್ಮೆ ಮೂಳೆ ಮುರಿದುಕೊಂಡವರು. ಮುರಿದ ಮೇಲಿನ ಮೊದಲ ಎರಡು ವರ್ಷದಲ್ಲಿ ಮತ್ತೊಂದು ಮುರಿಯುವ ಅಪಾಯ ತುಂಬಾ ಜಾಸ್ತಿ. ಸೊಂಟ ಮುರಿದವರಲ್ಲಿ ಐವರಲ್ಲಿ ಒಬ್ಬರಾದರೂ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ, ಉಳಿದವರಲ್ಲಿ ಬಹಳ ಮಂದಿ ಮೊದಲಿನಂತೆ ನಡೆಯುವುದಿಲ್ಲ. 2007ರ ಒಂದು ಪ್ರಯೋಗದಲ್ಲಿ, ಸೊಂಟದ ಆಪರೇಷನ್ ಆಗಿ ಮೂರು ತಿಂಗಳೊಳಗೆ ಜೊಲೆಡ್ರೊನಿಕ್ ಆಸಿಡ್ ಕೊಟ್ಟಾಗ ಹೊಸ ಮುರಿತ ಶೇ 35, ಸಾವು ಶೇ 28 ಕಡಿಮೆಯಾಗಿತ್ತು. ಇಷ್ಟು ಗೊತ್ತಿದ್ದೂ ಮುರಿತವಾದವರಲ್ಲಿ ಬಹುಪಾಲು ಜನರಿಗೆ ಮೂಳೆಯ ಚಿಕಿತ್ಸೆಯೇ ಶುರುವಾಗುವುದಿಲ್ಲ. ಮೂಳೆ ವೈದ್ಯರು ಮುರಿದದ್ದನ್ನು ಜೋಡಿಸುತ್ತಾರೆ, ಅದು ಯಾಕೆ ಅಷ್ಟು ಸುಲಭವಾಗಿ ಮುರಿಯಿತು ಅಂತ ನೋಡುವುದು ಇನ್ನಾರದೋ ಕೆಲಸ ಅಂತಾಗುತ್ತದೆ, ಆ ಇನ್ನಾರೋ ಯಾರು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ 1999ರ ಸುಮಾರಿಗೆ ಇದಕ್ಕೊಂದು ಸರಳ ವ್ಯವಸ್ಥೆ ಮಾಡಿದರು. 50 ದಾಟಿದವರು ಯಾರೇ ಮೂಳೆ ಮುರಿದುಕೊಂಡು ಬರಲಿ, ಒಬ್ಬ ನರ್ಸ್ ಅವರ ಹೆಸರು ಬರೆದುಕೊಂಡು, ಸ್ಕ್ಯಾನ್ ಮಾಡಿಸಿ, ಔಷಧಿ ಬೇಕಿದ್ದರೆ ಶುರುವಾಗುವ ತನಕ ಬೆನ್ನು ಬೀಳುವುದು. ಆ ಮಾದರಿ ಈಗ ಬಹಳ ದೇಶಗಳಿಗೆ ಹಬ್ಬಿದೆ. ಅದಿಲ್ಲದ ಕಡೆ ಆ ನರ್ಸ್‌ನ ಕೆಲಸವನ್ನು ಮನೆಯವರೇ ಮಾಡಬೇಕಾಗುತ್ತದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಚೀಟಿಯಲ್ಲಿ ಹೊಲಿಗೆ ಯಾವಾಗ ತೆಗೆಯುವುದು, ಕಾಲೂರುವುದು ಯಾವಾಗ ಅನ್ನುವುದೆಲ್ಲ ಇರುತ್ತದೆ. ಡೆಕ್ಸಾ ಸ್ಕ್ಯಾನ್ ಯಾವಾಗ, ಮೂಳೆಗೆ ಯಾವ ಔಷಧಿ, ಎದ್ದು ನಿಂತಾಗಿನ ಬಿಪಿ ನೋಡಿದ್ದಾರಾ, ನಿದ್ದೆ ಮಾತ್ರೆ ಮುಂದುವರಿಸಬೇಕಾ ಅನ್ನುವುದು ಅದರಲ್ಲಿ ಇಲ್ಲದಿದ್ದರೆ, ಅಲ್ಲೇ ಕೇಳಿ ಬರೆಸಿಕೊಂಡು ಹೊರಡಿ.